ಅಳೆದೂ ತೂಗಿ ಆರಿಸಿದ ಹುಡುಗರು

ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಷ್ಟು ಇಂಚು? ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಇದನ್ನೂ ಬರೆದಿಟ್ಟುಕೊಳ್ಳುತ್ತವೆ. ಫೆಬ್ರವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್ ನಗರಕ್ಕೆ ಮುನ್ನೂರಕ್ಕೂ ಹೆಚ್ಚು ಕಾಲೇಜು ಆಟಗಾರರನ್ನು ಕರೆಸುತ್ತಾರೆ. ಎತ್ತರ, ತೂಕ, ತೋಳಿನ ಉದ್ದ ಎಲ್ಲವೂ ದಾಖಲಾಗುತ್ತದೆ. ಬೆಂಚಿನ ಮೇಲೆ ಅಂಗಾತ ಮಲಗಿ 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಎಷ್ಟು ಸಲ ಎತ್ತಿದ ಎಂದು ಪಕ್ಕದಲ್ಲಿ ನಿಂತವರು ಜೋರಾಗಿ ಎಣಿಸುತ್ತಾರೆ. 40 ಗಜದ ಓಟವಂತೂ ಟಿವಿಯಲ್ಲೇ ಪ್ರಸಾರವಾಗುತ್ತದೆ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಹುಡುಗನ ಭವಿಷ್ಯ ಮೇಲೆ ಕೆಳಗೆ ಆಗುತ್ತದೆ. ಆಮೇಲೆ ವೈದ್ಯರ ತಪಾಸಣೆ, ತಂಡದವರ ಸಂದರ್ಶನ. ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆ ಬಿಡಿಸುವ ಬುದ್ಧಿ ಪರೀಕ್ಷೆಯೂ ಇತ್ತು. ಅದನ್ನು 2022ರಲ್ಲಿ ಕೈಬಿಟ್ಟರು. ಕಪ್ಪು ಆಟಗಾರರೇ ಹೆಚ್ಚಿರುವ ಈ ಆಟದಲ್ಲಿ ಹುಡುಗರನ್ನು ಹೀಗೆ ನಿಲ್ಲಿಸಿ ಅಳೆಯುವುದು ಹಿಂದಿನ ಗುಲಾಮರ ಸಂತೆಯನ್ನು ನೆನಪಿಸುತ್ತದೆ ಎಂಬ ಸಿಟ್ಟು ಅಲ್ಲಿನವರಲ್ಲೇ ಇದೆ. ಆ ಸಿಟ್ಟು ಸುಳ್ಳಲ್ಲ.

ಇಷ್ಟೆಲ್ಲ ಸಿದ್ಧತೆ ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್‌ಗಾಗಿ. ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಇದು ಬೇರೆಯೇ ಲೆಕ್ಕ ಅನ್ನಿಸುತ್ತದೆ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ, ಈಗ ಏಳು ಸುತ್ತು; ಹಿಂದೆ ಇನ್ನೂ ಹೆಚ್ಚಿದ್ದವು. ಹಿಂದಿನ ವರ್ಷ ತೀರಾ ಹೀನಾಯವಾಗಿ ಸೋತ ತಂಡಕ್ಕೆ ಮೊದಲ ಸರದಿ. ಸೋತವರೂ ಮೇಲೇಳಲಿ ಎಂದು ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ತಂದ ಯೋಜನೆ ಇದು. 1936ರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಆತನೇ ಮೊದಲು ಆರಿಸಿದ್ದು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ನನ್ನು. ಬರ್ವಾಂಗರ್ ವೃತ್ತಿಪರ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಆರಂಭವೇ ಹೀಗೆ!

ಈ ಕಥೆಯಲ್ಲಿ ಒಬ್ಬ ಭಾರತೀಯನೂ ಇದ್ದಾನೆ ಎಂಬುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಹೊಸ ತಂಡ. ಮೊದಲ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅದರ ವ್ಯವಸ್ಥಾಪಕ ಟೆಕ್ಸ್ ಶ್ರಾಮ್‌ಗೆ ಆಟಗಾರರ ಆಯ್ಕೆಯನ್ನು ಕಂಪ್ಯೂಟರಿಗೆ ಒಪ್ಪಿಸಬಹುದೇ ಎಂಬ ಯೋಚನೆ ಬಂತು. ಐಬಿಎಂನ ಅಂಗಸಂಸ್ಥೆಯೊಂದರಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಷಿ ಆತನ ಕೈಗೆ ಸಿಕ್ಕ. ಖುರೇಷಿಗೆ ಕ್ರಿಕೆಟ್ ಗೊತ್ತು, ಅಮೆರಿಕನ್ ಫುಟ್‌ಬಾಲ್‌ನ ಗಂಧಗಾಳಿ ಇಲ್ಲ. ಶ್ರಾಮ್‌ಗೆ ಕಂಪ್ಯೂಟರ್ ಗೊತ್ತಿಲ್ಲ. ಜತೆಗೆ ಊರೂರು ಸುತ್ತಿ ಹುಡುಗರನ್ನು ಪತ್ತೆ ಹಚ್ಚುವ ಗಿಲ್ ಬ್ರಾಂಟ್.

ಮೂವರೂ ಕೂತಾಗ ಎದುರಾದ ತೊಡಕು ಯಂತ್ರದ್ದಲ್ಲ, ಮನುಷ್ಯರದ್ದು. ಒಬ್ಬ ಹುಡುಗನನ್ನು ಆತನ ಆಟ ನೋಡಿ ಬಂದವನೊಬ್ಬ ‘ಚುರುಕು’ ಎಂದರೆ ಇನ್ನೊಬ್ಬ ‘ಪರವಾಗಿಲ್ಲ’ ಎನ್ನುತ್ತಿದ್ದ. ತನ್ನ ಶಿಷ್ಯನನ್ನು ಯಾವ ಕೋಚ್ ತಾನೇ ಬಿಟ್ಟುಕೊಟ್ಟಾನು? ಆದ್ದರಿಂದ ಹೊಗಳಿಕೆಯನ್ನೆಲ್ಲ ಬದಿಗಿಟ್ಟು, ಎಲ್ಲರೂ ಒಂದೇ ಅಳತೆಗೋಲಿನಲ್ಲಿ ಅಂಕ ಕೊಡುವಂತೆ ಪ್ರಶ್ನಾವಳಿ ಮಾಡಿದರು. ನೂರಾರು ಅಂಶಗಳನ್ನು ಸೋಸಿ ಕೊನೆಗೆ ಉಳಿಸಿಕೊಂಡದ್ದು ಐದು ಗುಣ: ನಡತೆ, ಮೈಯ ಚುರುಕು, ಛಲ, ಬುದ್ಧಿಯ ಎಚ್ಚರ, ಕಸುವು. 1964ರ ಡ್ರಾಫ್ಟ್‌ನಲ್ಲಿ ಈ ತಂಡ ಎರಡನೇ ಸುತ್ತಿನಲ್ಲಿ ಮೆಲ್ ರೆನ್‌ಫ್ರೊ, ಏಳನೇ ಸುತ್ತಿನಲ್ಲಿ ಓಟಗಾರ ಬಾಬ್ ಹೇಯ್ಸ್, ಹತ್ತನೇ ಸುತ್ತಿನಲ್ಲಿ ನೌಕಾ ಅಕಾಡೆಮಿಯ ರೋಜರ್ ಸ್ಟೌಬಾಕ್ ಅವರನ್ನು ಹಿಡಿಯಿತು. ಮೂವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಶ್ರೇಯಸ್ಸೆಲ್ಲ ಕಂಪ್ಯೂಟರಿನದು ಎನ್ನಲು ನನಗೆ ಧೈರ್ಯವಿಲ್ಲ. ಸ್ಟೌಬಾಕ್ ನೌಕಾಪಡೆಯ ಸೇವೆ ಮುಗಿಸಿ ಮೈದಾನಕ್ಕಿಳಿದದ್ದು 1969ರಲ್ಲಿ. ಅಷ್ಟು ವರ್ಷ ಕಾಯುವ ತಾಳ್ಮೆ ಯಾವ ಯಂತ್ರಕ್ಕೂ ಇರಲಿಲ್ಲ, ಆ ತಂಡಕ್ಕೆ ಇತ್ತು.

ಅಳತೆ ಕೈಕೊಟ್ಟ ಕಥೆ ಎಂದರೆ ಎಲ್ಲರೂ ಟಾಮ್ ಬ್ರೇಡಿಯ ಹೆಸರು ಹೇಳುತ್ತಾರೆ. 2000ದಲ್ಲಿ 40 ಗಜ ಓಡಲು ಆತನಿಗೆ 5.28 ಸೆಕೆಂಡ್ ಹಿಡಿಯಿತು. ಆತನಿಗಿಂತ ಮೊದಲು, ಆತನಂತೆಯೇ ಚೆಂಡೆಸೆದು ದಾಳಿ ನಡೆಸುವ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು, ಆತ ಸಿಕ್ಕಿದ್ದು 199ನೆಯವನಾಗಿ. ಆಮೇಲೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದ. ಆದರೆ ಆತನನ್ನು ಆರಿಸಿದ ನ್ಯೂ ಇಂಗ್ಲೆಂಡ್ ತಂಡದವರನ್ನೂ ತ್ರಿಕಾಲಜ್ಞಾನಿಗಳು ಎನ್ನಲಾಗದು. ಗೊತ್ತಿದ್ದರೆ ಅವರು ಐದು ಸುತ್ತು ಯಾಕೆ ಸುಮ್ಮನಿರುತ್ತಿದ್ದರು?

ನನ್ನ ಮಟ್ಟಿಗೆ ಇದಕ್ಕಿಂತ ಪಾಠ ಕಲಿಸುವುದು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಕಥೆ. 2021ರ ಡ್ರಾಫ್ಟ್‌ನಲ್ಲಿ ಮೂರನೇ ಸರದಿಗೆ ಏರಲು ಈ ತಂಡ ತನ್ನ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು, ಮೇಲೊಂದು ಮೂರನೇ ಸುತ್ತಿನದನ್ನೂ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟಿತು. ತಂದದ್ದು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಎರಡು ವರ್ಷ ಕಳೆಯುತ್ತಲೇ ಅವನನ್ನು ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಸಾಗಹಾಕಿತು. ನಡುವೆ 2022ರಲ್ಲಿ ಅದೇ ಆಡಳಿತ, ಅದೇ ಕೋಚ್, ಡ್ರಾಫ್ಟ್‌ನ ಕಟ್ಟಕಡೆಯ 262ನೇ ಸರದಿಯಲ್ಲಿ ಬ್ರಾಕ್ ಪರ್ಡಿಯನ್ನು ಆರಿಸಿತ್ತು. ಕಡೆಯವನಿಗೆ ಅಲ್ಲಿ ‘ಲೆಕ್ಕಕ್ಕಿಲ್ಲದ ಮಹಾಶಯ’ ಎಂಬ ಬಿರುದು. ಚೆಂಡು ಕೈಜಾರಿದ ಆಟಗಾರನ ಬೊಂಬೆಯ ಪಾರಿತೋಷಕ ಬೇರೆ. ಈ ಮಹಾಶಯ 2024ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ, ಹೆಚ್ಚುವರಿ ಅವಧಿಯಲ್ಲಿ ಸೋತ. 2025ರಲ್ಲಿ ಆತನೊಂದಿಗೆ ಆದ ಒಪ್ಪಂದದ ಮೊತ್ತ 26.5 ಕೋಟಿ ಡಾಲರ್.

ಆರಿಸಿದ ಕಣ್ಣು ಒಂದೇ, ಫಲ ಎರಡು. ಇದನ್ನು ಅರ್ಥಶಾಸ್ತ್ರಜ್ಞರು ಮೊದಲೇ ಲೆಕ್ಕ ಹಾಕಿದ್ದರು. ನೊಬೆಲ್ ಪುರಸ್ಕೃತ ರಿಚರ್ಡ್ ಥೇಲರ್ ಮತ್ತು ಕೇಡ್ ಮಾಸ್ಸಿ ವರ್ಷಗಟ್ಟಲೆಯ ಡ್ರಾಫ್ಟ್‌ಗಳನ್ನು ಜಾಲಾಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಬೆನ್ನುಬೆನ್ನಿಗೆ ಆಯ್ಕೆಯಾದರೆ, ಮೊದಲು ಆಯ್ಕೆಯಾದವನೇ ಹೆಚ್ಚು ಚೆನ್ನಾಗಿ ಆಡುವ ಸಾಧ್ಯತೆ ಶೇ 52 ಎಂದು ಕಂಡುಕೊಂಡರು. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ! ಮೊದಲ ಸರದಿಗೆ ದುಬಾರಿ ತೆರುವುದಕ್ಕಿಂತ ಅದನ್ನು ಬಿಟ್ಟುಕೊಟ್ಟು ಕೆಳಗಿನ ನಾಲ್ಕಾರು ಸರದಿ ಗಳಿಸುವುದೇ ಲಾಭ ಎಂಬುದು ಅವರ ತೀರ್ಮಾನ. ತಂಡಗಳು ಇದನ್ನು ಓದಿಲ್ಲವೆಂದಲ್ಲ. ಆದರೆ ಮಾಲೀಕನಿಗೆ ಮೊದಲ ದಿನ ವೇದಿಕೆಯ ಮೇಲೆ ಟೋಪಿ ಹಾಕಿ ನಿಲ್ಲಿಸಲು ಒಬ್ಬ ತಾರೆ ಬೇಕು. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ಮೂರು ದಿನದ ಈ ಜಾತ್ರೆಗೆ ಏಳು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅವರ ಮುಂದೆ ‘ನಮಗೆ ಗೊತ್ತಿಲ್ಲ’ ಎಂದು ಹೇಳುವ ಎದೆ ಯಾರಿಗಿದೆ?

ಏಪ್ರಿಲ್‌ನಲ್ಲಿ ಡ್ರಾಫ್ಟ್ ನೋಡುವ ಮನಸ್ಸಾದರೆ ಗುರುವಾರದ ಮೊದಲ ಸುತ್ತು ತಪ್ಪಿದರೂ ಚಿಂತೆಯಿಲ್ಲ. ಕೊನೆಯ ನಾಲ್ಕು ಸುತ್ತು ಅಲ್ಲಿ ಶನಿವಾರ ಮಧ್ಯಾಹ್ನ ಶುರು, ನಮ್ಮಲ್ಲಿ ಅಂದು ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಅದನ್ನು ನೋಡಿ.