ಉಗಿಯೋ ಪಾತ್ರೆ ಎಲ್ಲಿದೆ, ಮೊದಲು ನೋಡಿ

ನಮ್ಮ ಊರಿನ ಬೀದಿಗಳಲ್ಲಿ ಒಂದು ತಮಾಷೆ ಇದೆ. ಅಂಗಡಿ ಮೇಲೆ ದೊಡ್ಡದಾಗಿ ‘ವೈನ್ಸ್’ ಅಂತ ಬೋರ್ಡು. ಒಳಗೆ ಹೋಗಿ ನೋಡಿ. ಬ್ರಾಂದಿ ಇದೆ, ವಿಸ್ಕಿ ಇದೆ, ರಮ್ ಇದೆ. ವೈನ್ ಮಾತ್ರ ಎಷ್ಟೋ ಕಡೆ ಮೇಲಿನ ಮೂಲೆಯಲ್ಲಿ ಧೂಳು ಹೊದ್ದು ಕೂತಿರುತ್ತೆ. ಹೀಗಾಗಿ, “ವೈನ್ ಕ್ಲಬ್ ಸೇರ್ಕೊಂಡಿದೀನಿ” ಅಂತ ಮಗಳು ಹೇಳಿದ್ರೆ ಅಪ್ಪನ ಕಣ್ಮುಂದೆ ಬರೋದು ಬಾರಿನ ಗಲಾಟೆ.

ಹಾಗಾದ್ರೆ ಈ ವೈನ್ ಕ್ಲಬ್ ಅಂದ್ರೆ ಏನು? ಬೆಂಗಳೂರಿನಂಥ ಊರಲ್ಲಿ ಒಂದಷ್ಟು ಜನ ಸೇರ್ತಾರೆ. ಯಾವುದಾದರೂ ಹೋಟೆಲ್‌ನಲ್ಲಿ ಜಾಗ ಗೊತ್ತು ಮಾಡ್ತಾರೆ. ನಾಲ್ಕೈದು ಬಾಟಲಿ ತೆರೆದು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಸುರಿದು, ರುಚಿ ನೋಡಿ ಮಾತಾಡ್ತಾರೆ. ಇದಕ್ಕೆ ಟೇಸ್ಟಿಂಗ್ ಅಂತಾರೆ. 750 ಎಂಎಲ್ ಬಾಟಲಿಯಲ್ಲಿ ತಲಾ 50 ಎಂಎಲ್ ಕೊಟ್ಟರೆ ಹದಿನೈದು ಜನಕ್ಕೆ ಸಾಕು. ಒಬ್ಬರೇ ಕೊಳ್ಳಲಾಗದ ದುಬಾರಿ ಬಾಟಲಿಯ ಖರ್ಚು ಹದಿನೈದು ಪಾಲಾಗುತ್ತೆ. ಕ್ಲಬ್ಬಿನ ಮೊದಲ ಲಾಭ ಇದು.

ಅಲ್ಲಿ ಮಾಡೋದೇನು? ಮೊದಲು ಬಣ್ಣ ನೋಡೋದು. ಕೆಂಪು ವೈನಿನ ಬಣ್ಣ ಬರೋದು ದ್ರಾಕ್ಷಿ ಸಿಪ್ಪೆಯಿಂದ, ರಸದಿಂದಲ್ಲ. ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸೋದು. ಕೊನೆಗೆ ಒಂದು ಗುಟುಕು ಬಾಯಲ್ಲಿ ಹೊರಳಿಸೋದು. ಅಡಿಕೆ ಅಗಿದಾಗ ಬಾಯಿ ಹಿಡಿದಂತಾಗುತ್ತಲ್ಲ, ಆ ಒಗರು ಸಿಕ್ಕರೆ ಅದು ಟ್ಯಾನಿನ್. ಸಿಪ್ಪೆ, ಬೀಜದಿಂದ ಬರೋದು. ಇಂಗ್ಲಿಷ್‌ನವರು ಒಂದು ಪ್ಯಾರಾ ಬರೆದು ವಿವರಿಸೋದಕ್ಕೆ ನಮ್ಮಲ್ಲಿ ಮೂರಕ್ಷರದ ಪದ ಇದೆ.

ಹೊಸಬರು ಹೆದರೋದು ಇಲ್ಲೇ. ಪಕ್ಕದಲ್ಲಿ ಕೂತವರು “ಬ್ಲ್ಯಾಕ್ ಕರಂಟ್, ಲೆದರ್, ಸೀಡರ್” ಅಂತ ಶುರು ಮಾಡ್ತಾರೆ. ಬ್ಲ್ಯಾಕ್ ಕರಂಟನ್ನು ಕಣ್ಣಲ್ಲೂ ನೋಡದ ನಾವು ತಲೆ ಆಡಿಸ್ತೀವಿ. ಬೇಡ್ರೀ! ನಿಮಗೆ ನೇರಳೆ ಹಣ್ಣು ಅನ್ನಿಸಿದ್ರೆ ನೇರಳೆ ಹಣ್ಣು ಅನ್ನಿ. ಸಾವಿನ್ಯೊ ಬ್ಲಾಂಕ್ ಅನ್ನೋ ಬಿಳಿ ವೈನ್ ಮೂಸಿದ್ರೆ ಎಷ್ಟೋ ಸಲ ಸೀಬೆ ಹಣ್ಣಿನ ವಾಸನೆ ಬರುತ್ತೆ. ಶಿರಾಜ್‌ನಲ್ಲಿ ಕಾಳುಮೆಣಸಿನ ಘಾಟು ಬಂದ್ರೆ ಅದು ಭ್ರಮೆ ಅಲ್ಲ. ಕಾಳುಮೆಣಸಿಗೆ ಆ ವಾಸನೆ ಕೊಡೋ ರೊಟಂಡೋನ್ ಅನ್ನೋ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದ್ರು. ಕೊಡಗಿನವರು, ಮಲೆನಾಡಿನವರು ಇದನ್ನು ಯಾರಿಂದಲೂ ಕಲೀಬೇಕಾಗಿಲ್ಲ.

ಒಳ್ಳೆ ಕ್ಲಬ್‌ಗಳಲ್ಲಿ ಇನ್ನೊಂದು ಪದ್ಧತಿ ಇದೆ. ಬಾಟಲಿಗೆ ಚೀಲ ಮುಚ್ಚಿ, ಹೆಸರು, ಬೆಲೆ ಹೇಳದೆ ಸುರೀತಾರೆ. ಯಾಕೆ ಗೊತ್ತಾ? 1976ರಲ್ಲಿ ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅನ್ನೋ ಬ್ರಿಟಿಷ್ ವ್ಯಾಪಾರಿ ಹೀಗೇ ಲೇಬಲ್ ಮುಚ್ಚಿ ಸ್ಪರ್ಧೆ ಇಟ್ಟ. ರುಚಿ ನೋಡಿದ ತೀರ್ಪುಗಾರರು ಫ್ರೆಂಚರು. ಅವರು ಬಿಳಿಯಲ್ಲೂ ಕೆಂಪಲ್ಲೂ ಮೊದಲ ಸ್ಥಾನ ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ವೈನ್‌ಗೆ! ಲೇಬಲ್ ಕಂಡಿದ್ರೆ ಹಾಗೆ ಕೊಡ್ತಿದ್ರಾ?

ಈ ಪ್ರಶ್ನೆ ನಮಗೂ ಬೇಕು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂತು. ನಂದಿಬೆಟ್ಟದ ಬುಡದಲ್ಲಿ, ಹಂಪಿಯ ಕಡೆ ವೈನ್ ದ್ರಾಕ್ಷಿ ಬೆಳೀತಾರೆ. ಆದ್ರೆ ಈ ದ್ರಾಕ್ಷಿ ಸಣ್ಣದು, ಬೀಜ ಜಾಸ್ತಿ. ತಳ್ಳುಗಾಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಹೋಗೋ ಮಾಲಲ್ಲ. ವೈನರಿ ಕೊಳ್ಳದಿದ್ರೆ ರೈತನ ಕಥೆ ಮುಗೀತು. ವೈನರಿ ಕೊಳ್ಳಬೇಕಾದ್ರೆ ಇಲ್ಲಿನ ಬಾಟಲಿಗೆ ಗಿರಾಕಿ ಬೇಕು. ಕುರುಡು ಹೊಗಳಿಕೆಯೂ ಬೇಡ, ‘ಲೋಕಲ್ಲಾ?’ ಅಂತ ಮೂಗು ಮುರಿಯೋದೂ ಬೇಡ. ಚೆನ್ನಾಗಿದ್ರೆ ಚೆನ್ನಾಗಿದೆ, ಇಲ್ಲದಿದ್ರೆ ಇಲ್ಲ ಅನ್ನೋ ಗಿರಾಕಿ ತಯಾರಾಗೋದು ಇಂಥ ಮೇಜಿನ ಸುತ್ತ.

ಈಗ ಕಹಿ ಮಾತು. ವೈನ್ ಹೃದಯಕ್ಕೆ ಒಳ್ಳೇದು ಅಂತ ಯಾರಾದರೂ ಹೇಳಿದ್ರೆ ನಂಬಬೇಡಿ. ಎಷ್ಟೇ ಕಡಿಮೆ ಇರಲಿ, ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಅನ್ನೋದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಲೆಕ್ಕ ಹಾಕಿ: 50 ಎಂಎಲ್‌ನ ಐದು ಗ್ಲಾಸ್ ನುಂಗಿದ್ರೆ 250 ಎಂಎಲ್. ಶೇಕಡಾ 13 ಆಲ್ಕೋಹಾಲ್ ಅಂದ್ರೂ ಅದು 60 ಎಂಎಲ್ ಲಾರ್ಜ್ ವಿಸ್ಕಿಗಿಂತ ಜಾಸ್ತಿ! ‘ಬರೀ ರುಚಿ ನೋಡಿದೆ’ ಅಂತ ಪೊಲೀಸರ ಮುಂದೆ ಹೇಳಿದ್ರೆ ಮೆಷಿನ್ ಕೇಳಲ್ಲ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು.

ಅದಕ್ಕೇ ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರ್ತಾರೆ, ಉಗಿಯೋದಕ್ಕೆ. ರುಚಿ ನೋಡಿ ಉಗೀರಿ. ಅದು ಅಸಹ್ಯ ಅಲ್ಲ, ದಿನಾ ಹತ್ತಾರು ವೈನ್ ಪರೀಕ್ಷೆ ಮಾಡೋ ಪರಿಣತರು ಮಾಡೋದೂ ಅದನ್ನೇ.

ಹಾಗಾಗಿ ಸೇರೋ ಮುಂಚೆ ನಾಲ್ಕು ವಿಷಯ ಕೇಳಿ. ಜಾಗಕ್ಕೆ ಲೈಸೆನ್ಸ್ ಇದೆಯಾ? ಸದಸ್ಯತ್ವದ ಹಣ ಬಿಟ್ಟು ಪ್ರತಿ ಸಲ ಎಷ್ಟು ಕೊಡಬೇಕು? ನಡೆಸ್ತಿರೋರು ಸದಸ್ಯರಾ, ಬಾಟಲಿ ಮಾರೋರಾ? ಮಾರೋರಾದ್ರೆ ಅದು ಟೇಸ್ಟಿಂಗ್ ಅಲ್ಲ, ಜಾಹೀರಾತು. ನಾಲ್ಕನೇದು, ಉಗಿಯೋ ಪಾತ್ರೆ ಇದೆಯಾ? ಅದಿಲ್ಲದ ಕ್ಲಬ್ಬು ಸದಸ್ಯತ್ವ ಇರೋ ಬಾರು, ಅಷ್ಟೇ. ಕುಡಿಯದವರು ಕುಡಿಯೋದನ್ನ ಕಲಿಯೋಕೆ ಅಂತ ಅಲ್ಲಿಗೆ ಹೋಗೋದೇ ಬೇಡ. ಕುಡಿಯೋರು ಹೋದ್ರೆ, ಕಡಿಮೆ ಕುಡಿದು ಜಾಸ್ತಿ ತಿಳ್ಕೊಂಡು ಬನ್ನಿ. ವಾಪಸ್ ಬರೋವಾಗ ಗಾಡಿ ಕೀ ಮನೇಲೇ ಇರಲಿ.