ಬಾಣ ನಿಂತ ಸಾಲು

ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟ ಕೂಡಲೇ ನಮ್ಮ ಲ್ಯಾಬಿನ ಮಕ್ಕಳ ಕೈ ಕೀಬೋರ್ಡಿನ ಮೇಲೆ ಓಡತೊಡಗುತ್ತದೆ. ಎಲ್ಲೋ ಒಂದು ಪ್ಲಸ್ಸನ್ನು ಮೈನಸ್ ಮಾಡಿ ರನ್ ಕೊಡುತ್ತಾರೆ. ಆಗಲಿಲ್ಲವೆ, ಲೂಪಿನ ಮಿತಿಗೆ ಒಂದು ಸೇರಿಸಿ ಮತ್ತೆ ರನ್. ಹೀಗೆ ಅಲ್ಲಿ ಇಲ್ಲಿ ಕೈಯಾಡಿಸುವಷ್ಟರಲ್ಲಿ ಹಳೆಯ ತಪ್ಪಿನ ಜೊತೆಗೆ ಹೊಸದು ನಾಲ್ಕು ಸೇರಿಕೊಂಡಿರುತ್ತವೆ. ಪದವಿ ಕಾಲೇಜಿನಲ್ಲಿ ಪೈಥಾನ್ ಕಲಿಸುವ ನಾನು ಅದಕ್ಕೇ ಮೊದಲ ತಿಂಗಳಲ್ಲೇ ಡಿಬಗರ್ ಹೇಳಿಕೊಡುತ್ತೇನೆ. ನಮ್ಮ ಸಿಲಬಸ್ಸಿನಲ್ಲಿ ಅದಕ್ಕೊಂದು ಪಾಠವಿಲ್ಲ, ಪರೀಕ್ಷೆಯಲ್ಲಿ ಪ್ರಶ್ನೆಯೂ ಬರುವುದಿಲ್ಲ. ಆದರೆ ಊಹಿಸುವುದನ್ನು ಬಿಟ್ಟು ಪ್ರೋಗ್ರಾಮನ್ನೇ ಕೇಳಿ ತಿಳಿಯುವ ಅಭ್ಯಾಸ ಇನ್ಯಾವ ಪಾಠದಿಂದಲೂ ಇಷ್ಟು ಬೇಗ ಬರುವುದನ್ನು ನಾನು ಕಂಡಿಲ್ಲ.

ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು, ಒಂದೊಂದೇ ಸಾಲು ನಡೆಸಿ, ಆ ಹೊತ್ತಿಗೆ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ನೋಡಲು ಬಿಡುವ ಸಲಕರಣೆಯೇ ಡಿಬಗರ್. ಪೈಥಾನಿನದಕ್ಕೆ ಪಿಡಿಬಿ ಎಂದು ಹೆಸರು. ಪೈಥಾನ್ ಹಾಕಿಕೊಂಡರೆ ಜೊತೆಯಲ್ಲೇ ಬರುತ್ತದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. 2018ರಲ್ಲಿ ಬಂದ 3.7ನೇ ಆವೃತ್ತಿಯಿಂದ ಈಚೆಗೆ, ನಿಲ್ಲಿಸಬೇಕಾದ ಕಡೆ 'ಬ್ರೇಕ್‌ಪಾಯಿಂಟ್' ಎಂದು ಬರೆದು ಮುಂದೆ ಖಾಲಿ ಬ್ರಾಕೆಟ್ ಹಾಕಿದರೆ ಸಾಕು, ಪ್ರೋಗ್ರಾಂ ಅಲ್ಲಿಗೆ ಬಂದು ನಿಂತು ಅಪ್ಪಣೆಗೆ ಕಾಯುತ್ತದೆ. ಎನ್ ಎಂದರೆ ಒಂದು ಸಾಲು ಮುಂದೆ. ಎಸ್ ಎಂದರೆ ಆ ಸಾಲು ಕರೆಯುವ ಫಂಕ್ಷನ್ನಿನ ಒಳಗೇ ಇಳಿ. ಸಿ ಎಂದರೆ ಮುಂದಿನ ನಿಲುಗಡೆಯವರೆಗೆ ಓಡು. ಪಿ ಬರೆದು ವೇರಿಯಬಲ್ ಹೆಸರು ಕೊಟ್ಟರೆ ಅದರೊಳಗೆ ಏನಿದೆಯೋ ಅದನ್ನು ತೋರಿಸುತ್ತದೆ. ವಿಎಸ್ ಕೋಡ್ ಬಳಸುವವರು ಎನ್, ಎಸ್ ಮಾಡುವ ಕೆಲಸಕ್ಕೆ ಎಫ್10, ಎಫ್11 ಒತ್ತುತ್ತಾರೆ.

ನಿಂತ ಜಾಗವನ್ನು ಒಂದು ಪುಟ್ಟ ಬಾಣ ತೋರಿಸುತ್ತದೆ. ಮಕ್ಕಳು ಎಡವುವುದು ಇಲ್ಲೇ. ಬಾಣ ನಿಂತ ಸಾಲು ಇನ್ನೂ ನಡೆದಿಲ್ಲ, ಇನ್ನು ನಡೆಯಬೇಕು. ಇದನ್ನು ತಿಳಿಯದವರು ಮೊತ್ತ ಕೂಡಿಸುವ ಸಾಲಿನ ಮೇಲೆ ನಿಂತು 'ಇನ್ನೂ ಸೊನ್ನೆಯೇ ಇದೆಯಲ್ಲ' ಎಂದು ಗಾಬರಿಯಾಗುತ್ತಾರೆ. ಇನ್ನೊಂದು ಸಂಗತಿಯನ್ನು ಬೋರ್ಡಿನ ಮೂಲೆಯಲ್ಲಿ ಬರೆದೇ ಇಟ್ಟಿರುತ್ತೇನೆ: ನಿಮ್ಮ ವೇರಿಯಬಲ್ ಹೆಸರೇ ಎನ್ ಆಗಿದ್ದರೆ ಬರೀ ಎನ್ ಒತ್ತಬೇಡಿ, ಅದು ಒಂದು ಸಾಲು ನಡೆದುಬಿಡುತ್ತದೆ, ಪಿ ಸೇರಿಸಿಯೇ ಕೇಳಿ.

ಐದು ಅಂಕ ಕೊಟ್ಟು ಅತಿ ಹೆಚ್ಚಿನದನ್ನು ಹುಡುಕುವ ಪ್ರೋಗ್ರಾಂ ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ. ಒಬ್ಬ ಹುಡುಗಿ 38, 45, 9, 27, 31 ಎಂದು ಕೊಟ್ಟಳು. ಉತ್ತರ 9 ಬಂತು. ಲೂಪಿನೊಳಗೆ ಪ್ರಿಂಟ್ ಹಾಕಿ ನೋಡಿದ್ದಳು, ಪರದೆಯ ಮೇಲೆ ಎಲ್ಲ ಅಂಕವೂ ಸರಿಯಾಗಿಯೇ ಕಾಣುತ್ತಿದ್ದವು. "ಲಾಜಿಕ್ ಸರಿ ಇದೆ ಮೇಡಂ, ಹೋಲಿಸೋದರಲ್ಲೇ ಏನೋ ಆಗ್ತಿದೆ" ಎಂದಳು.

"ಮೂರನೇ ಸುತ್ತಿನಲ್ಲಿ ಹೋಲಿಸೋ ಸಾಲಿನ ಮೇಲೇ ನಿಲ್ಲಿಸು. ಈಗ ಅಂಕದಲ್ಲಿ ಏನಿರಬೇಕು, ಹೇಳು."

"ಒಂಬತ್ತು."

"ಪಿ ಹಾಕಿ ನೋಡು."

ಪರದೆಯಲ್ಲಿ ಒಂಬತ್ತೇ ಬಂತು, ಆದರೆ ಆಚೆ ಈಚೆ ಒಂದೊಂದು ಉದ್ಧರಣ ಚಿಹ್ನೆ ಇತ್ತು. ಅವಳು ಒಂದು ಕ್ಷಣ ನೋಡಿ, "ಅಯ್ಯೋ, ಇದು ಸಂಖ್ಯೆ ಅಲ್ಲ, ಸ್ಟ್ರಿಂಗ್!" ಎಂದಳು. ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಅಕ್ಷರಗಳ ಸಾಲಾಗಿಯೇ ಇಟ್ಟುಕೊಳ್ಳುತ್ತದೆ. ಅಕ್ಷರಗಳನ್ನು ಹೋಲಿಸುವುದು ನಿಘಂಟಿನ ಕ್ರಮದಲ್ಲಿ, ಮೊದಲ ಅಕ್ಷರದಿಂದ. ಅಲ್ಲಿ 45ರ 4ಕ್ಕಿಂತ 9 ದೊಡ್ಡದು, ಮುಂದಕ್ಕೆ ನೋಡುವ ಪ್ರಶ್ನೆಯೇ ಇಲ್ಲ. ಪ್ರಿಂಟ್ ಆ ಚಿಹ್ನೆಗಳನ್ನು ತೆಗೆದು ಚಂದ ಮಾಡಿ ತೋರಿಸುತ್ತದೆ, ಪಿಡಿಬಿಯ ಪಿ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಇಂಟ್ ಫಂಕ್ಷನ್ನಿನಿಂದ ಸಂಖ್ಯೆಯಾಗಿ ಬದಲಿಸಿದ ಮೇಲೆ 45 ಬಂತು. (ಈ ಇಂಟ್‌ಗೆ ೪೫ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಸರಿಯಾಗಿ ಓದಿಕೊಳ್ಳುತ್ತದೆ. ಮಕ್ಕಳಿಗೆ ತೋರಿಸುವಾಗೆಲ್ಲ ನನಗೆ ಖುಷಿ.)

ಇಂಥ ಅನುಭವದಿಂದ ನಾನು ತರಗತಿಗೆ ಮಾಡಿಟ್ಟ ಕಟ್ಟುನಿಟ್ಟಿನ ನಿಯಮ ಒಂದೇ. ಕೀಲಿ ಒತ್ತುವ ಮೊದಲು ಏನು ಬರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ಎನ್, ಎನ್, ಎನ್ ಎಂದು ಒತ್ತುತ್ತಾ ಹೋದರೆ ಏನೂ ಸಿಗದು. ನೀವು ಹೇಳಿದ್ದೂ ಅದು ತೋರಿಸಿದ್ದೂ ಬೇರೆಯಾದ ಮೊದಲ ಸಾಲಿನಲ್ಲಿ ನಿಲ್ಲಿ. ತಪ್ಪು ಅಲ್ಲಿದೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಹಿಂದೆ ಇದೆ.

ಈ ಕಷ್ಟ ಕಂಪ್ಯೂಟರಿನಷ್ಟೇ ಹಳೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್ಸಾಕ್ ಕಂಪ್ಯೂಟರ್ ತನ್ನ ಮೊದಲ ಪ್ರೋಗ್ರಾಂ ಓಡಿಸಿದ್ದು 1949ರ ಮೇ 6ರಂದು. ಅದನ್ನು ಕಟ್ಟಿದ ತಂಡದ ಮುಖ್ಯಸ್ಥ ಮಾರಿಸ್ ವಿಲ್ಕ್ಸ್, ತಮ್ಮ ಉಳಿದ ಆಯುಷ್ಯದ ದೊಡ್ಡ ಪಾಲು ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಹೋಗಲಿದೆ ಎಂಬುದು ಆ ದಿನಗಳಲ್ಲೇ ಮನವರಿಕೆಯಾಯಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಗ ಅವರು ಬರೆಯುತ್ತಿದ್ದ ಪ್ರೋಗ್ರಾಂ 126 ಸಾಲಿನದು, ಅದರಲ್ಲಿ ಸುಮಾರು 20 ತಪ್ಪುಗಳಿದ್ದವು. ಯಂತ್ರವನ್ನು ಒಂದೊಂದೇ ಆಜ್ಞೆಗೆ ನಿಲ್ಲಿಸಿ ನೋಡುತ್ತಾ ಕೂತರೆ ಸರದಿಯಲ್ಲಿದ್ದ ಉಳಿದವರ ಸಮಯ ಹಾಳು. ಅದಕ್ಕೆ ಅಲ್ಲಿನ ಸ್ಟ್ಯಾನ್ಲಿ ಗಿಲ್, ಇನ್ನೊಂದು ಪ್ರೋಗ್ರಾಮನ್ನು ತಾನೇ ಆಜ್ಞೆ ಆಜ್ಞೆಯಾಗಿ ನಡೆಸಿ, ಏನೇನು ನಡೆಯಿತೆಂದು ಅಚ್ಚು ಹಾಕಿಕೊಡುವ ಪ್ರೋಗ್ರಾಂ ಬರೆದರು. 1951ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದರು. ಪಿಡಿಬಿ ಅದೇ ವಂಶದ್ದು. ಪ್ರತಿ ಸಾಲು ನಡೆಸುವ ಮುನ್ನ ತನಗೆ ತಿಳಿಸು ಎಂದು ಅದು ಪೈಥಾನಿಗೆ ಹೇಳಿಟ್ಟಿರುತ್ತದೆ. ನಮಗೆ ಸರದಿಯ ಚಿಂತೆಯಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು.

ಸಾವಿರ ಸಲ ಸುತ್ತುವ ಲೂಪಿನಲ್ಲಿ ಸಾವಿರ ಸಲ ಒತ್ತಬೇಕೇ ಎಂದು ಕೇಳುತ್ತಾರೆ. ಬೇಡ. ಈ ಸಾಲಿನಲ್ಲಿ ನಿಲ್ಲು, ಆದರೆ ಲೂಪಿನ ವೇರಿಯಬಲ್ ಐ 500 ಆದಾಗ ಮಾತ್ರ ಎಂದು ಷರತ್ತು ಹಾಕಬಹುದು.

ಡಿಬಗರ್ ತಪ್ಪಿಗೆ ಮಾತ್ರ ಎಂದುಕೊಂಡವರಿಗೆ ನಾನು ಸರಿಯಾಗಿಯೇ ಓಡುವ ಪ್ರೋಗ್ರಾಂ ಕೊಡುತ್ತೇನೆ: ಒಂದು ಫಂಕ್ಷನ್ ತನ್ನನ್ನೇ ಕರೆದುಕೊಂಡು 4ರ ಫ್ಯಾಕ್ಟೋರಿಯಲ್ ಲೆಕ್ಕ ಹಾಕುವುದು. ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದರೂ ಎನ್ ಎಂಬ ವೇರಿಯಬಲ್ ಒಂದೇ ಅಲ್ಲವೇ, ಅದು 4 ಆಗಿ 3 ಆಗಿ ಹೇಗೆ ಇರುತ್ತದೆ ಎಂಬ ಗೊಂದಲ ಹೋಗುವುದಿಲ್ಲ. ಎಸ್ ಒತ್ತುತ್ತಾ ತಳದವರೆಗೂ ಇಳಿದು, ಡಬ್ಲ್ಯೂ ಒತ್ತಿದರೆ ಒಂದೇ ಫಂಕ್ಷನ್ ನಾಲ್ಕು ಸಲ ಸಾಲಾಗಿ, ಯಾವುದೂ ಮುಗಿಯದೆ ಕಾಯುತ್ತಿರುವುದು ಕಾಣುತ್ತದೆ. ಅಲ್ಲಿ ಪಿ ಎನ್ ಎಂದರೆ 1. ಯು ಒತ್ತಿ ಒಂದು ಮೆಟ್ಟಿಲು ಮೇಲೆ ಬಂದು ಅದನ್ನೇ ಕೇಳಿದರೆ 2. ಇನ್ನೊಂದು ಮೇಲೆ 3, ಅದರಾಚೆ 4. ಪ್ರತಿ ಕರೆಗೂ ಅದರದೇ ಎನ್. ಇಷ್ಟು ನೋಡಿದವರು ಸಾಮಾನ್ಯವಾಗಿ ನನ್ನನ್ನು ಕೇಳದೆಯೇ ಫಿಬೊನಾಚಿ ತೆರೆದು, ಅಲ್ಲೊಂದು ಬ್ರೇಕ್‌ಪಾಯಿಂಟ್ ಹಾಕಿರುತ್ತಾರೆ.