ಮನೆಯ ಗಣಕಯಂತ್ರದ ಯೋಗಕ್ಷೇಮ

ಬಾವಿಯ ಪಂಪು ನೀರನ್ನೆತ್ತುತ್ತದೆ. ಗಿರಣಿಯು ಹಿಟ್ಟು ಬೀಸುತ್ತದೆ. ಇವು ಸೇವಿಸುವ ವಿದ್ಯುಚ್ಛಕ್ತಿಯಲ್ಲಿ ಒಂದು ಪಾಲು ಕಣ್ಣಿಗೆ ಕಾಣುವ ಕೆಲಸವಾಗಿ ಪರಿಣಮಿಸುವುದು. ಗಣಕಯಂತ್ರದ ರೀತಿಯೇ ಬೇರೆ. ಅದು ಮಾಡುವ ಲೆಕ್ಕ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಒದಗಿಸಿದ ಶಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ನೂರು ವ್ಯಾಟ್ ಸೇವಿಸುವ ಗಣಕವು ಕೊಠಡಿಯ ಮಟ್ಟಿಗೆ ನೂರು ವ್ಯಾಟಿನ ಒಲೆಯೇ ಸರಿ. ಈ ಶಾಖದಲ್ಲಿ ದೊಡ್ಡ ಪಾಲು ಹುಟ್ಟುವುದು ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಸಿಲಿಕಾನ್ ತುಣುಕಿನಲ್ಲಿ. ಪ್ರೊಸೆಸರ್ ಎಂದು ಕರೆಯಲ್ಪಡುವ ಆ ತುಣುಕಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ನೆಲೆಸಿವೆ. ಅದರ ಮಿಡಿತವು ಸೆಕೆಂಡಿಗೆ ಮುನ್ನೂರು ಕೋಟಿಯಷ್ಟಿರುವುದು ಇಂದು ಸಾಮಾನ್ಯ ಸಂಗತಿ.

ಈ ಶಾಖವನ್ನು ಲೋಹದ ರೆಕ್ಕೆಗಳಿಗೆ ಸಾಗಿಸಿ, ಪುಟ್ಟ ಬೀಸಣಿಗೆಯಿಂದ ಗಾಳಿ ಹಾಯಿಸಿ ಹೊರದೂಡುವ ಏರ್ಪಾಡನ್ನು ಯಂತ್ರದೊಳಗೆ ಮಾಡಿರುತ್ತಾರೆ. ಆದರೆ ಗಾಳಿಯೊಡನೆ ಧೂಳೂ ಕೂದಲೂ ಒಳಸೇರಿ, ರೆಕ್ಕೆಗಳ ನಡುವೆ ಅರಳೆಯಂತೆ ಮೆತ್ತಿಕೊಳ್ಳುತ್ತವೆ. ಇದು ಯಂತ್ರಕ್ಕೆ ಕಂಬಳಿ ಹೊದಿಸಿದ ಹಾಗೆ. ಪ್ರೊಸೆಸರಿನ ಉಷ್ಣತೆಯು 100 ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಬಂದೊಡನೆ ಅದು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು; ಇನ್ನೂ ಏರಿದರೆ ಯಂತ್ರವು ಆರಿಯೇ ಹೋಗುವುದು. ‘ಹಳೆಯದಾಯಿತು, ನಿಧಾನವಾಯಿತು’ ಎಂದು ಹೊಸ ಯಂತ್ರವನ್ನು ಕೊಳ್ಳಲು ಹೊರಟವರಲ್ಲಿ ಕೆಲವರಿಗಾದರೂ ಬೇಕಾಗಿದ್ದುದು ಒಂದು ಮೃದುವಾದ ಕುಂಚ ಮಾತ್ರ.

ಆದುದರಿಂದ ಆರು ತಿಂಗಳಿಗೊಮ್ಮೆ, ಧೂಳು ಹೆಚ್ಚಿರುವ ಊರಾದರೆ ಇನ್ನೂ ಬೇಗ, ಈ ರೆಕ್ಕೆಗಳನ್ನು ಶುಚಿಗೊಳಿಸತಕ್ಕದ್ದು. ಮೊದಲು ವಿದ್ಯುತ್ ತಂತಿಯನ್ನು ಕಳಚಬೇಕು. ಗಾಳಿಯೂದಿ ಧೂಳು ತೆಗೆಯುವಾಗ ಬೀಸಣಿಗೆಯನ್ನು ಬೆರಳಿನಿಂದ ಹಿಡಿದಿರುವುದು ಮುಖ್ಯ. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡಬಹುದು. ಲ್ಯಾಪ್‌ಟಾಪನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ಅದನ್ನು ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಇನ್ನು, ಟೆಲಿವಿಷನ್ನಿಗೆ ಹೊದಿಸುತ್ತಿದ್ದ ಕಸೂತಿಯ ಬಟ್ಟೆಯನ್ನು ಗಣಕಕ್ಕೂ ಹೊದಿಸುವವರುಂಟು. ಯಂತ್ರವು ಆರಿ ತಣ್ಣಗಾದ ಮೇಲೆ ಹೊದಿಸಿದರೆ ತಪ್ಪೇನಿಲ್ಲ. ನಡೆಯುತ್ತಿರುವಾಗ ಮಾತ್ರ ಸಲ್ಲದು.

ನಿಧಾನಕ್ಕೆ ಬೇರೆ ಕಾರಣಗಳೂ ಇವೆ. ಯಂತ್ರವನ್ನು ಹಚ್ಚಿದೊಡನೆ ಕರೆಯದೆಯೇ ಎದ್ದು ಕೂರುವ ಪ್ರೋಗ್ರಾಮುಗಳು ಅವುಗಳಲ್ಲಿ ಮೊದಲನೆಯವು. ಬೇಡವಾದುವನ್ನು ತೆಗೆದುಹಾಕುವ ಅವಕಾಶವು ಯಂತ್ರದಲ್ಲಿಯೇ ಇರುವಾಗ, ವೇಗವನ್ನು ಇಮ್ಮಡಿಸುವೆವೆಂದು ಸಾರುವ ಶುದ್ಧೀಕರಣದ ತಂತ್ರಾಂಶಗಳನ್ನು ಕೊಳ್ಳುವುದೇಕೆಂದು ನಾನು ಕಾಣೆ. ಕಡತದ ಚೂರುಗಳನ್ನು ಒಂದೆಡೆ ಕಲೆಹಾಕುವ ‘ಡಿಫ್ರಾಗ್’ ಎಂಬ ಹಳೆಯ ಅಭ್ಯಾಸಕ್ಕೂ ಮಿತಿಯುಂಟು. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕಿನಲ್ಲಿ, ಚೂರುಗಳನ್ನು ಹುಡುಕುತ್ತ ಅದರ ಕೈ ಅತ್ತಿತ್ತ ಅಲೆಯಬೇಕಾಗಿತ್ತು. ಈಚಿನ ಎಸ್.ಎಸ್.ಡಿ.ಯಲ್ಲಿ ಚಲಿಸುವ ಭಾಗವೇ ಇಲ್ಲ. ಮೇಲಾಗಿ ಅದರ ಕೋಶಗಳು ಪ್ರತಿ ಬರವಣಿಗೆಗೂ ಒಂದಿಷ್ಟು ಸವೆಯುವುವು. ಅಲ್ಲಿ ಈ ಉಪಚಾರದಿಂದ ಲಾಭವಿಲ್ಲ.

ಯಂತ್ರವು ಕಡತವನ್ನು ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಬರೆಹವು ಅರ್ಧಕ್ಕೆ ನಿಂತು ಕಡತವೇ ಕೆಡಬಹುದು. ಯು.ಪಿ.ಎಸ್. ಇದ್ದರೆ, ಕೆಲಸವನ್ನು ಮುಗಿಸಿ ಕ್ರಮವಾಗಿ ಆರಿಸಲು ಬೇಕಾದ ಕೆಲವು ನಿಮಿಷಗಳು ದೊರೆಯುತ್ತವೆ. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಗುಂಡಿಯನ್ನು ಆರಿಸಿದರೆ ಸಾಲದು. ಸಿಡಿಲು ಹತ್ತಿರ ಬರುವ ಮೊದಲೇ ವಿದ್ಯುತ್ತಿನ ಪ್ಲಗ್ಗನ್ನೂ ಅಂತರಜಾಲದ ತಂತಿಯನ್ನೂ ಕಳಚಿಡಬೇಕು.

ತಂತ್ರಾಂಶದ ತಿದ್ದುಪಡಿಗಳು ಬಂದಾಗ ‘ನಾಳೆ ನೋಡೋಣ’ ಎನ್ನುವುದು ವಾಡಿಕೆ. 2017ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸಿನ ಒಂದು ದೋಷಕ್ಕೆ ತೇಪೆಯನ್ನು ಹೊರಡಿಸಿತು. ಎರಡು ತಿಂಗಳ ತರುವಾಯ, ಮೇ 12ರಂದು, ‘ವಾನಾಕ್ರೈ’ ಎಂಬ ಕೇಡಿನ ತಂತ್ರಾಂಶವು ಅದೇ ದೋಷದ ಮೂಲಕ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದೆ ಕಳುಹಿಸಬೇಕಾಯಿತು. ತೇಪೆ ಹಾಕಿಕೊಂಡಿದ್ದ ಯಂತ್ರಗಳಿಗೆ ಆ ದಾರಿ ಮುಚ್ಚಿತ್ತು. ವಿಂಡೋಸ್ 10ಕ್ಕೆ ಇಂತಹ ತೇಪೆಗಳನ್ನು ಒದಗಿಸುವ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನೂ ವಾಚಕರು ಗಮನಿಸಬೇಕು.

ಇಷ್ಟೆಲ್ಲ ಮಾಡಿದರೂ ಡಿಸ್ಕು ಒಂದು ದಿನ ಸಾಯುವುದು ಖಂಡಿತ. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ದಾಖಲಿಸಿಕೊಳ್ಳುವುದುಂಟು. ಅದನ್ನು ನೋಡಿ ಮುನ್ನೆಚ್ಚರಿಕೆ ವಹಿಸಬಹುದಲ್ಲವೇ ಎಂದು ಕೇಳಬಹುದು. ಗೂಗಲ್ ಸಂಸ್ಥೆಯ ಎಂಜಿನಿಯರರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ, 2007ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬಲವಾದುವೆಂದು ಅವರು ಎಣಿಸಿದ ಮುನ್ಸೂಚನೆಗಳು ನಾಲ್ಕು. ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವುಗಳಲ್ಲಿ ಒಂದನ್ನೂ ತೋರಿರಲಿಲ್ಲ!

ಪ್ರೊಸೆಸರನ್ನೂ ಡಿಸ್ಕನ್ನೂ ಅಂಗಡಿಯಿಂದ ಮತ್ತೆ ತರಬಹುದು. ಮಗಳ ಮದುವೆಯ ಚಿತ್ರಗಳು, ಅಜ್ಜಿಯ ದನಿಯಲ್ಲಿ ಮುದ್ರಿಸಿಕೊಂಡ ಹಾಡು, ಹತ್ತು ವರ್ಷದ ಜಮಾಖರ್ಚು, ಇವನ್ನು ಮಾರುವ ಅಂಗಡಿಯಿಲ್ಲ. ಇಂತಹವುಗಳ ಎರಡು ಪ್ರತಿಗಳಾದರೂ ಬೇರೆಡೆ ಇರಬೇಕು. ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಬರೆದು, ಬರೆದಾದೊಡನೆ ಅದನ್ನು ಗಣಕದಿಂದ ಕಳಚಿಡತಕ್ಕದ್ದು; ಜೋಡಿಸಿಯೇ ಬಿಟ್ಟರೆ ವಾನಾಕ್ರೈನಂತಹ ಕೇಡು ಅದನ್ನೂ ಮುಟ್ಟುತ್ತದೆ. ಇನ್ನೊಂದು ಪ್ರತಿಯು ಬೇರೆ ಊರಿನ ನೆಂಟರ ಮನೆಯಲ್ಲಾಗಲಿ ಅಂತರಜಾಲದ ಭಂಡಾರದಲ್ಲಾಗಲಿ ಇರಲಿ. ಕುಂಚ ಹಿಡಿದು ಧೂಳು ಕೊಡಹುವ ದಿನವೇ ಹೊರಗಿನ ಡಿಸ್ಕನ್ನೂ ಜೋಡಿಸಿ, ಅದರೊಳಗಿನ ನಾಲ್ಕಾರು ಚಿತ್ರಗಳನ್ನು ತೆರೆದು ನೋಡಿದರೆ ಪ್ರತಿಯು ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ.